ಹೊಳೆಗೆ ಬೆನ್ನು, ಹಳ್ಳಕ್ಕೆ ಮುಖ

ನಾಗರಿಕತೆಗಳು ನದಿ ದಂಡೆಯಲ್ಲಿ ಹುಟ್ಟಿದವು ಎಂಬ ಮಾತನ್ನು ನಮ್ಮ ಶಾಲಾ ಪುಸ್ತಕಗಳು ಎಷ್ಟು ಸಲ ಹೇಳಿವೆಯೆಂದರೆ, ಅದನ್ನು ಒರೆಗೆ ಹಚ್ಚಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಸಿಂಧೂ, ನೈಲ್, ಟೈಗ್ರಿಸ್ ಎಂದು ಹೆಸರು ಹೇಳಿದರೆ ಪಾಠ ಮುಗಿಯಿತು. ಯಾದಗಿರಿ ಜಿಲ್ಲೆಯ ನಾರಾಯಣಪುರದಲ್ಲಿ ನಿಂತವರಿಗಂತೂ ಆ ಮಾತು ಕಣ್ಣೆದುರೇ ರುಜುವಾತಾದಂತೆ ಕಾಣುತ್ತದೆ. 1982ರಲ್ಲಿ ಮುಗಿದ ಬಸವಸಾಗರ ಅಣೆಕಟ್ಟು ಕೃಷ್ಣೆಯನ್ನು ತಡೆದು 33 ಟಿಎಂಸಿ ಅಡಿ ನೀರನ್ನು ಹಿಡಿದಿಟ್ಟಿದೆ. ಅದರ ಎಡದಂಡೆ ಕಾಲುವೆ ಹುಣಸಗಿ, ಸುರಪುರ, ಶಹಾಪುರದ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿಸಿದೆ. ಹೊಳೆಯಿದ್ದಲ್ಲಿ ಬದುಕು ಎಂದು ಯಾರಾದರೂ ಒಪ್ಪುವ ನೋಟವಿದು. ಆದರೆ ಈ ನೋಟಕ್ಕೆ ಐವತ್ತು ವರ್ಷ ತುಂಬಿಲ್ಲ. ಅದಕ್ಕೆ ಮುಂಚಿನ ಹತ್ತು–ಹನ್ನೆರಡು ಲಕ್ಷ ವರ್ಷ ಈ ಸೀಮೆಯಲ್ಲಿ ಮನುಷ್ಯರು ಎಲ್ಲಿ ಬದುಕಿದ್ದರೆಂದು ಹುಡುಕಿದರೆ, ಅವರ ಗುರುತು ಹೇರಳವಾಗಿ ಸಿಗುವುದು ಕೃಷ್ಣೆಯ ದಂಡೆಯಲ್ಲಲ್ಲ. ಕೊಡೇಕಲ್ ದಾಟಿ ಒಳನಾಡಿಗೆ ಹೋದರೆ ಸಿಗುವ ಹುಣಸಗಿ ಮತ್ತು ಬೈಚಬಾಳದ ಹಳ್ಳಗಳ ಬಯಲಿನಲ್ಲಿ, ಬಂಡೆಯ ಬುಡದಿಂದ ಒಸರುವ ಸೆಲೆಗಳ ಸುತ್ತ. ಕೃಷ್ಣಾ–ಭೀಮಾ ನಡುವಿನ ಈ ದೋಆಬಿನ ಮಟ್ಟಿಗೆ ದೊಡ್ಡ ಹೊಳೆ ಬಹುಕಾಲ ಪ್ರಭುತ್ವದ ಸೊತ್ತಾಗಿತ್ತು, ಜನ ಬದುಕಿದ್ದು ಹಳ್ಳದ ನೀರಿನಲ್ಲಿ ಎಂಬುದು ನನ್ನ ವಾದ.

ಮೊದಲು ಹೊಳೆಯ ಸ್ವಭಾವವನ್ನೇ ನೋಡೋಣ. ನಾರಾಯಣಪುರದ ಕೆಳಗೆ ಜಲದುರ್ಗದ ಹತ್ತಿರ ಕೃಷ್ಣೆ ದಖ್ಖನಿನ ಎತ್ತರದ ನೆಲದಿಂದ ಕೆಳಗಿನ ಬಯಲಿಗೆ ಧುಮುಕುತ್ತದೆ. ಮೂರು ಮೈಲಿಯೊಳಗೆ ನಾನೂರಕ್ಕೂ ಹೆಚ್ಚು ಅಡಿ ಇಳಿಯುತ್ತದೆಂದು ಬ್ರಿಟಿಷ್ ಕಾಲದ ಗೆಜೆಟಿಯರ್ ದಾಖಲಿಸಿದೆ. ಬಂಡೆ ಕೊರೆದು ಹರಿಯುವ ಇಂಥ ಹೊಳೆ ಮಳೆಗಾಲದಲ್ಲಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅಣೆಕಟ್ಟುಗಳಿಲ್ಲದ ಕಾಲದ ಬೇಸಿಗೆಯಲ್ಲಿ ಅದು ಮಡುಗಳಾಗಿ ಒಡೆದು ನಿಲ್ಲುತ್ತಿತ್ತು. ದಂಡೆ ಎತ್ತರ, ನೀರು ಆಳ, ಮೇಲೆ ಹೊಲಕ್ಕೆ ಹಾಯಿಸಲು ಯಂತ್ರ ಬೇಕು. ನೈಲಿನ ಹಾಗೆ ವರ್ಷವರ್ಷವೂ ಮೆಕ್ಕಲು ಹರಡಿ ಹೋಗುವ ಸೌಮ್ಯ ನದಿ ಇದಲ್ಲ. ಕಲ್ಲಿನ ಆಯುಧದವನಿಗೆ, ಆಮೇಲೆ ದನ ಕಾಯುವವನಿಗೆ ಬೇಕಾಗಿದ್ದುದು ನೋಡಲು ಭವ್ಯವಾದ ನೀರಲ್ಲ, ಏಪ್ರಿಲ್–ಮೇ ತಿಂಗಳಲ್ಲೂ ಬಗ್ಗಿ ಕುಡಿಯಲು ಸಿಗುವ ನೀರು.

ಅಂಥ ನೀರು ಎಲ್ಲಿತ್ತೆಂಬುದನ್ನು ನೆಲದ ಮೇಲೆ ನಡೆದು ತೋರಿಸಿದವರು ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ. ನವಶಿಲಾಯುಗದ ನೆಲೆಗಳನ್ನು ಹುಡುಕುತ್ತ 1960ರ ದಶಕದಲ್ಲಿ ಸುರಪುರ ಸೀಮೆಗೆ ಬಂದ ಅವರು, 1974ರಿಂದ ಹುಣಸಗಿ ಮತ್ತು ಬೈಚಬಾಳ ಬಯಲುಗಳಲ್ಲಿ ಹಳೆ ಶಿಲಾಯುಗದ ಅಶೂಲಿಯನ್ ಕಾಲದ ನೆಲೆಗಳನ್ನು ಒಂದೊಂದಾಗಿ ಗುರುತಿಸುತ್ತ ಹೋದರು. ಸುತ್ತಲೂ ಸುಣ್ಣಗಲ್ಲು, ಜೇಡಿಗಲ್ಲು, ಕಣಶಿಲೆಯ ದಿಣ್ಣೆಗಳು. ನಡುವೆ ಸುಮಾರು 500 ಚದರ ಕಿಲೋಮೀಟರಿನ ತಗ್ಗು ಬಯಲು. ಅದರಲ್ಲಿ ಹರಿದು ಕೊನೆಗೆ ಕೃಷ್ಣೆಯನ್ನು ಸೇರುವ ಸಣ್ಣ ಹಳ್ಳಗಳು. ಇಷ್ಟು ಜಾಗದಲ್ಲಿ ಇನ್ನೂರರ ಆಸುಪಾಸಿನ ನೆಲೆಗಳು ಸಿಕ್ಕಿದವು. ದೇವಾಪುರ, ಕಲ್ಲದೇವನಹಳ್ಳಿ, ವಜ್ಜಲದ ಕಡೆ ಬಂಡೆಯ ಸಂದಿನಿಂದ ಒಸರುವ ನೀರು ಬೇಸಿಗೆಯಲ್ಲೂ ಹಳ್ಳವನ್ನು ಜೀವಂತ ಇಡುತ್ತದೆ. ಈ ಸೆಲೆಗಳು ಇಂದು ನಿನ್ನೆಯವಲ್ಲ ಎಂಬುದಕ್ಕೆ ಅವುಗಳೇ ಬಿಟ್ಟುಹೋದ ಸಾಕ್ಷಿ ಇದೆ. ಸುಣ್ಣದಂಶದ ನೀರು ಒಸರಿ ಒಸರಿ ಗಟ್ಟಿಯಾದ ಪದರಗಲ್ಲು ಕಲ್ಲದೇವನಹಳ್ಳಿಯಲ್ಲಿ ಸಿಕ್ಕಿದೆ. ಯುರೇನಿಯಂ–ಥೋರಿಯಂ ವಿಧಾನದಲ್ಲಿ ಅದರ ವಯಸ್ಸು 1.6ರಿಂದ 1.7 ಲಕ್ಷ ವರ್ಷವೆಂದು ಬಂತು. ಹತ್ತಿರದ ತೆಗ್ಗಿಹಳ್ಳಿಯಲ್ಲಿ ಸಿಕ್ಕ ಪ್ರಾಣಿ ಅವಶೇಷ ಇನ್ನೂ ಹಿಂದೆ, ಮೂರು ಲಕ್ಷ ವರ್ಷದ ಹತ್ತಿರಕ್ಕೆ ಹೋಗುತ್ತದೆ.

ಪದ್ದಯ್ಯನವರ ಕೆಲಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು ನೆಲೆಗಳ ಸಂಖ್ಯೆಗಿಂತ ಅವು ಹರಡಿರುವ ರೀತಿ. ಸೆಲೆಯ ನೀರು ಹರಿಯುವ ಹಳ್ಳದ ಪಾತ್ರಗಳ ಬಳಿ ನೆಲೆಗಳು ಒತ್ತೊತ್ತಾಗಿವೆ. ಬಯಲಿನ ಉಳಿದ ಕಡೆ ಅಲ್ಲೊಂದು ಇಲ್ಲೊಂದು ಚದುರಿವೆ. ಬೇಸಿಗೆಯಲ್ಲಿ ಗುಂಪುಗಳೆಲ್ಲ ನೀರಿನ ಹತ್ತಿರ ಕೂಡಿಕೊಂಡವು, ಮಳೆ ಬಿದ್ದು ಎಲ್ಲೆಂದರಲ್ಲಿ ನೀರು ನಿಂತಾಗ ಸಣ್ಣ ಸಣ್ಣ ಗುಂಪಾಗಿ ಬಯಲ ತುಂಬ ಹರಡಿಕೊಂಡವು ಎಂದು ಅವರು ಇದನ್ನು ಓದಿದರು. ಈ ಓದನ್ನು ಒಪ್ಪದವರಿರಬಹುದು, ಆದರೆ ನಕ್ಷೆಯನ್ನು ಅಲ್ಲಗಳೆಯುವುದು ಕಷ್ಟ. ಪೂರ್ವ ಆಫ್ರಿಕದ ಓಲ್ಡುವಾಯಿಯಲ್ಲೂ ಆದಿಮಾನವರ ಜಾಡು ಸಿಕ್ಕಿರುವುದು ಸರೋವರದ ಅಂಚಿನಲ್ಲಿ, ಸಿಹಿನೀರಿನ ಬುಗ್ಗೆಗಳ ಆಸುಪಾಸಿನಲ್ಲಿ ಎಂಬುದನ್ನು ನೆನೆದರೆ, ಹುಣಸಗಿಯ ನಕ್ಷೆ ಲೋಕಕ್ಕೆ ಹೊರತಾದದ್ದೇನೂ ಅಲ್ಲ.

ಆ ಜನರ ದಿನಚರಿಯನ್ನು ತೀರ ಹತ್ತಿರದಿಂದ ನೋಡಬೇಕಾದರೆ ಇಸಾಂಪುರಕ್ಕೆ ಹೋಗಬೇಕು. ನೀರಾವರಿ ಕೆಲಸಕ್ಕೆಂದು ಮೇಲಿನ ಮಣ್ಣನ್ನು ಎತ್ತಿದ್ದರಿಂದ ಬಯಲಾದ ಈ ಜಾಗವನ್ನು ಪದ್ದಯ್ಯ 1983ರಲ್ಲಿ ಗುರುತಿಸಿದರು. 1990ರ ದಶಕದ ಕೊನೆಯಲ್ಲಿ ಅಗೆತ ನಡೆಯಿತು. ಅಲ್ಲಿ ಸುಣ್ಣಗಲ್ಲಿನ ಹಾಸು ತನ್ನಷ್ಟಕ್ಕೇ ಬಿರಿದು ಚಪ್ಪಡಿಗಳಾಗಿ ನೆಲದ ಮೇಲೆ ಕೂತಿತ್ತು, ಪಕ್ಕದಲ್ಲೇ ಹಳೆಯ ಹಳ್ಳದ ಜಾಡು. ಬಂದವರು ಚಪ್ಪಡಿಗಳನ್ನು ಮೀಟಿ ಎಬ್ಬಿಸಿದರು. ತೆಳು ಚಪ್ಪಡಿ ಸಿಕ್ಕರೆ ಅದರ ಅಂಚನ್ನು ನಾಲ್ಕಾರು ಏಟಿನಲ್ಲಿ ಸವರಿ ಕೈಗೊಡಲಿ ಮಾಡಿಕೊಂಡರು. ದಪ್ಪ ಚಪ್ಪಡಿಯಾದರೆ ದೊಡ್ಡ ಚಕ್ಕೆ ಎಬ್ಬಿಸಿ, ಆ ಚಕ್ಕೆಯಿಂದ ಅಗಲ ಬಾಯಿಯ ಸೀಳುಗತ್ತಿ ತೆಗೆದರು. ಹೊಡೆಯುವ ಕಲ್ಲು ಮಾತ್ರ ಸುಣ್ಣಗಲ್ಲಲ್ಲ. ಅದು ಗಟ್ಟಿಯಾಗಿರಬೇಕೆಂದು ಬಸಾಲ್ಟ್, ಬೆಣಚು ಜಾತಿಯ ಉಂಡೆಗಲ್ಲುಗಳನ್ನು ಬೇರೆ ಕಡೆಯಿಂದ ಆರಿಸಿ ತಂದಿದ್ದರು. ಮುಕ್ಕಾಲು ಹೆಕ್ಟೇರಿನಷ್ಟು ಹರಡಿದ ಈ ಕಲ್ಲುಗಣಿಯ ಒಂದು ಸಣ್ಣ ಭಾಗ ಅಗೆದಾಗಲೇ ಹತ್ತು ಸಾವಿರ ಮೀರಿ ಕಲ್ಲಿನ ತುಣುಕುಗಳು ಸಿಕ್ಕವು: ತಿದ್ದಿ ಮುಗಿಸಿದವು, ಅರ್ಧಕ್ಕೆ ಬಿಟ್ಟವು, ಕೆಟ್ಟುಹೋದವು, ಬರೀ ಚೂರುಗಳು. ಎಲ್ಲವೂ ಬಿದ್ದ ಜಾಗದಲ್ಲೇ ಇದ್ದವು. ನೀರು ಅವನ್ನು ಎಳೆದೊಯ್ದಿರಲಿಲ್ಲ. ಕಾಡುದನ ಮತ್ತು ಜಿಂಕೆ ಜಾತಿಯ ಪ್ರಾಣಿಗಳ ಹಲ್ಲು, ಮೂಳೆಗಳೂ ಜೊತೆಗಿದ್ದವು. ಕಲ್ಲು, ನೀರು, ಬೇಟೆ ಮೂರೂ ಒಂದೇ ಕಡೆ ಸಿಗುವ ಜಾಗವನ್ನು ಅವರು ಆಯ್ದುಕೊಂಡಿದ್ದರು. ಆ ಮೂರೂ ಒಟ್ಟಿಗೆ ಸಿಗುವಂಥ ದಂಡೆ ಕೃಷ್ಣೆಗೆ ಇಲ್ಲಿ ಅಪರೂಪ.

ಇಸಾಂಪುರದ ವಯಸ್ಸಿನ ಬಗ್ಗೆ ತಕರಾರುಗಳಿವೆ, ಅವನ್ನು ಮುಚ್ಚಿಡಬೇಕಾಗಿಲ್ಲ. 2001ರಲ್ಲಿ ಪ್ರಕಟವಾದ ಸುಮಾರು 12 ಲಕ್ಷ ವರ್ಷ ಎಂಬ ಲೆಕ್ಕ ಪ್ರಾಣಿಗಳ ಹಲ್ಲಿನ ಎನಾಮೆಲನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನದಲ್ಲಿ ಪರೀಕ್ಷಿಸಿ ಬಂದದ್ದು. ಹಲ್ಲು ಮಣ್ಣಿನಲ್ಲಿದ್ದಾಗ ಯುರೇನಿಯಂ ಅನ್ನು ಯಾವ ವೇಗದಲ್ಲಿ ಹೀರಿಕೊಂಡಿತು ಎಂಬ ಊಹೆಯ ಮೇಲೆ ಉತ್ತರ ಬದಲಾಗುತ್ತದೆ; ಬೇಗ ಹೀರಿಕೊಂಡಿತೆಂದರೆ ವಯಸ್ಸು ಏಳು ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ಇಳಿಯಲಿ. ತಮಿಳುನಾಡಿನ ಅತ್ತಿರಂಪಾಕ್ಕಂ ನೆಲೆಗೆ ಬೇರೆ ವಿಧಾನಗಳಿಂದ 15 ಲಕ್ಷ ವರ್ಷದ ವಯಸ್ಸು ಬಂದಿರುವುದರಿಂದ ಇಸಾಂಪುರದ ದೊಡ್ಡ ಅಂಕಿ ಅಸಂಭವವೇನೂ ಅಲ್ಲ. ಏಳೋ ಹನ್ನೆರಡೋ, ನನ್ನ ವಾದಕ್ಕೆ ಅದರಿಂದ ಕುಂದಿಲ್ಲ. ಅವರು ಯಾವಾಗ ಬಂದರು ಎಂಬುದಕ್ಕಿಂತ ಎಲ್ಲಿ ಕೂತರು ಎಂಬುದು ಇಲ್ಲಿ ಪ್ರಶ್ನೆ.

ಲಕ್ಷಗಟ್ಟಲೆ ವರ್ಷ ದಾಟಿ ನವಶಿಲಾಯುಗಕ್ಕೆ ಬಂದರೆ, ಜನ ಬೇರೆ, ಬದುಕು ಬೇರೆ, ಆದರೆ ನೀರಿನ ಆಯ್ಕೆ ಹೆಚ್ಚುಕಡಿಮೆ ಅದೇ. ನಾರಾಯಣಪುರಕ್ಕೂ ಹುಣಸಗಿಗೂ ನಡುವೆ ಕೊಡೇಕಲ್ ಇದೆ. ಕಾಲಜ್ಞಾನದ ಬಸವಣ್ಣನಿಂದ ನಾಡಿಗೆಲ್ಲ ಗೊತ್ತಿರುವ ಆ ಊರಿನಲ್ಲಿ ಪದ್ದಯ್ಯ ಅಗೆದದ್ದು ಒಂದು ಬೂದಿದಿಬ್ಬ; ರೇಡಿಯೋಕಾರ್ಬನ್ ಲೆಕ್ಕದಲ್ಲಿ ಅದು ಕ್ರಿ.ಪೂ. 3ನೇ ಸಹಸ್ರಮಾನಕ್ಕೆ ಸೇರುತ್ತದೆ. ದಕ್ಷಿಣ ಭಾರತದ ನವಶಿಲಾಯುಗದ ತೀರ ಹಳೆಯ ಕಾಲಸೂಚಿಗಳಲ್ಲಿ ಅದೂ ಒಂದು. ಇಂಥ ದಿಬ್ಬಗಳ ಬಗ್ಗೆ ಜನ ಕಟ್ಟಿಕೊಂಡ ಕಥೆಗಳು ಸ್ವಾರಸ್ಯವಾಗಿವೆ. ಬಳ್ಳಾರಿಯ ಕುಡತಿನಿಯದು ಹಿಡಿಂಬಾಸುರನನ್ನು ಸುಟ್ಟ ಬೂದಿ, ಹಂಪಿ ಹತ್ತಿರದ ನಿಂಬಾಪುರದ್ದು ವಾಲಿಯ ಚಿತೆ. 19ನೇ ಶತಮಾನದ ವಿದ್ವಾಂಸರೂ ಇದು ಜ್ವಾಲಾಮುಖಿಯೋ, ಕಬ್ಬಿಣ ಕಾಯಿಸಿದ ಕಿಟ್ಟವೋ, ಹೆಣ ಸುಟ್ಟದ್ದೋ ಎಂದು ತಲೆಕೆಡಿಸಿಕೊಂಡರು. ಅದು ದನದ ಸಗಣಿ ಸುಟ್ಟ ಬೂದಿ ಎಂದು ಸರಿಯಾಗಿ ಕಂಡವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಉತ್ನೂರಿನಲ್ಲಿ ಅಗೆದ ರೇಮಂಡ್ ಆಲ್ಚಿನ್, ದೊಡ್ಡಿಯ ಬೇಲಿ ನೆಟ್ಟ ಕುಣಿಗಳ ಜೊತೆಗೆ ಬೂದಿಯಲ್ಲಿ ಅಚ್ಚೊತ್ತಿದ ದನದ ಗೊರಸಿನ ಗುರುತುಗಳನ್ನೂ ತೋರಿಸಿ ವಿವಾದವನ್ನು ಬಹುಮಟ್ಟಿಗೆ ಮುಗಿಸಿದರು.

ದೊಡ್ಡಿ ಇದ್ದರೆ ಮನೆ ಎಲ್ಲಿ ಎಂಬ ಪ್ರಶ್ನೆ ಮಾತ್ರ ಉಳಿದಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಸುರಪುರ ಸೀಮೆಯ ಬೂದಿಹಾಳದಲ್ಲಿ, 1990ರ ದಶಕದ ಅಗೆತದಲ್ಲಿ. ದಿಣ್ಣೆಗಳ ನಡುವಿನ, ಸೆಲೆನೀರಿನ ಆಸರೆಯಿದ್ದ ಒಂದು ಮರೆ ಜಾಗ ಅದು. ಕಾಲ ಸರಿಸುಮಾರು ಕ್ರಿ.ಪೂ. 2300ರಿಂದ 1700. ಒಂದು ಕಡೆ ದನದ ದೊಡ್ಡಿ, ಅದರ ಸಗಣಿ ಗುಡ್ಡೆಯಾಗಿ, ಆಗಾಗ ಬೆಂಕಿ ಬಿದ್ದು ಬೆಳೆದ ಬೂದಿದಿಬ್ಬ. ಅದಕ್ಕೆ ಹತ್ತಿದಂತೆ ಗುಡಿಸಲುಗಳ ನೆಲ. ಒಂದೆಡೆ ಕಲ್ಲಲಗು ಮಾಡುತ್ತಿದ್ದ ಕಮ್ಮಟ. ಇನ್ನೊಂದೆಡೆ ದನಗಳನ್ನು ಕಡಿದು ಮಾಂಸ ಹಂಚಿಕೊಂಡ ಹಾಸು, ಅದರ ಮೇಲೆ ಮೂಳೆ, ಕಲ್ಲಿನ ಉಪಕರಣಗಳ ರಾಶಿ. ಊರಿಗೆಲ್ಲ ಒಂದೇ ಹಬ್ಬವಾಗಿದ್ದಿರಬೇಕು. ಗುಡಿಸಲುಗಳ ನಡುವೆಯೇ ಮಡಕೆಗಳಲ್ಲಿಟ್ಟು ಹೂಳಿದ ಎಳೆ ಮಕ್ಕಳು. ದನ ಕಾಯುವವರೆಂದರೆ ಅಲೆಮಾರಿಗಳು, ಅವರಿಗೆ ಊರಿಲ್ಲ ಎಂದು ತಿಳಿದಿದ್ದವರಿಗೆ ಬೂದಿಹಾಳ ಬೇರೆಯೇ ಕಥೆ ಹೇಳಿತು. ಹುರುಳಿ, ಹೆಸರು, ಕೊರಲೆಯಂಥ ನಮ್ಮ ನೆಲದ್ದೇ ಬೆಳೆಗಳನ್ನು ದಖ್ಖನಿನ ಈ ಜನ ಬೆಳೆಯುತ್ತಿದ್ದರೆಂದು ಸಂಗನಕಲ್ಲು, ಹಳ್ಳೂರುಗಳ ಸುಟ್ಟ ಕಾಳುಗಳಿಂದ ಈಗ ಗೊತ್ತಾಗಿದೆ. ಇವು ಮಳೆಗೆ ಬರುವ ಬೆಳೆ, ಹೊಳೆಯನ್ನು ಕೇಳುವುದಿಲ್ಲ. ದನಕ್ಕೆ ಬೇಕಾದದ್ದು ದಿನವೂ ಇಳಿದು ಹತ್ತಬಹುದಾದ ನೀರಿನ ದಾರಿ, ಸುತ್ತ ಹುಲ್ಲುಗಾವಲು. ಎರಡೂ ಹಳ್ಳದ ಬಯಲಿನಲ್ಲಿದ್ದವು.

ಇಷ್ಟು ಹೇಳಿದ ಮೇಲೆ ಎದುರು ವಾದಗಳನ್ನು ಕೇಳಲೇಬೇಕು. ಘಟಪ್ರಭೆಯ ಅನಗವಾಡಿ, ಮಲಪ್ರಭೆಯ ಖ್ಯಾಡ ನದಿ ದಂಡೆಯ ನೆಲೆಗಳಲ್ಲವೇ? ಫೂಟ್ ಮೊದಲುಗೊಂಡು, ಮಲಪ್ರಭಾ ಕಣಿವೆಯ ಬಗ್ಗೆ 1955ರಲ್ಲಿ ಪುಸ್ತಕ ಬರೆದ ಆರ್.ವಿ. ಜೋಶಿಯವರೆಗೆ ಎಲ್ಲರೂ ಕಲ್ಲಿನಾಯುಧಗಳನ್ನು ಹೆಕ್ಕಿದ್ದು ನದಿಯ ಗರಸಿನಲ್ಲೇ ಅಲ್ಲವೇ? ನಿಜ. ಆದರೆ ನದಿಯ ಗರಸಿನಲ್ಲಿ ಸಿಕ್ಕ ಕೈಗೊಡಲಿ ನೀರು ತಂದು ಹಾಕಿದ್ದು. ಅದನ್ನು ಮಾಡಿದವನು ಎಲ್ಲಿ ಕೂತಿದ್ದನೆಂದು ಅದು ಹೇಳಲಾರದು. ನದಿಯನ್ನಷ್ಟೇ ಹುಡುಕಿದರೆ ನದಿಯಲ್ಲಷ್ಟೇ ಸಿಗುತ್ತದೆ. ಹುಣಸಗಿಯ ಬಯಲಿನಲ್ಲಿ ದೊಡ್ಡ ನದಿಯೇ ಇಲ್ಲದ ಕಡೆ ಹೊಲ ಹೊಲ ನಡೆದು ನೋಡಿದ್ದರಿಂದಲೇ ಬಿದ್ದ ಜಾಗದಲ್ಲೇ ಉಳಿದ ನೆಲೆಗಳು ಕಂಡವು. ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಕೃಷ್ಣೆಯ ದಂಡೆಯಲ್ಲೂ ಜನರಿದ್ದಿರಬಹುದು, ನೆರೆ ಅವರ ಗುರುತನ್ನು ಕೊಚ್ಚಿರಬಹುದು ಇಲ್ಲವೇ ಮೆಕ್ಕಲಿನಡಿ ಹೂತಿರಬಹುದು, ಈಗ ಜಲಾಶಯವೂ ಅದರ ಮೇಲೆ ಕೂತಿದೆ. ಈ ಮಾತಿಗೆ ಅರ್ಧ ಒಪ್ಪಿಗೆ ಕೊಡಲೇಬೇಕು. ಬೇಟೆಗೆ, ಮೀನಿಗೆ ಅವರು ಹೊಳೆಗೆ ಇಳಿದೇ ಇರುತ್ತಾರೆ. ಆದರೂ ಒಳಬಯಲಿನಲ್ಲಿ ಸೆಲೆಯ ಹತ್ತಿರ ನೆಲೆಗಳು ಒತ್ತಾಗಿ, ಸೆಲೆ ಇಲ್ಲದ ಕಡೆ ವಿರಳವಾಗಿ ಇರುವುದಕ್ಕೆ ಕೃಷ್ಣೆಯ ನೆರೆ ಕಾರಣವಾಗಲಾರದು. ಇನ್ನು ಕಾವೇರಿ–ಕಪಿಲೆಯ ಕೂಡಲಿನ ಟಿ. ನರಸೀಪುರ, ತುಂಗಭದ್ರೆಯ ಹಳ್ಳೂರು ನವಶಿಲಾಯುಗದಲ್ಲೇ ಹೊಳೆಯ ಪಕ್ಕ ಎದ್ದ ಊರುಗಳು. ಅಲ್ಲಿ ದಂಡೆ ಇಳಿಜಾರು, ಮಣ್ಣು ಮೆದು. ಇಲ್ಲಿ ಬಂಡೆ, ಧುಮುಕು. ಹಾಗಾಗಿ ನನ್ನ ವಾದ ಕರ್ನಾಟಕದ ಎಲ್ಲ ನದಿಗಳಿಗೂ ಅನ್ವಯಿಸುವ ಸೂತ್ರವಲ್ಲ, ಈ ದೋಆಬಿನದು.

ಕಬ್ಬಿಣಯುಗದ ಗೋರಿಗಳೂ ಇದೇ ಒಳನಾಡಿನಲ್ಲಿವೆ. ಸುರಪುರ ಸಂಸ್ಥಾನದಲ್ಲಿ 1841ರಿಂದ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ರಾಜನಕೋಳೂರಿನ ಕಲ್ಲುಮನೆಗಳನ್ನೂ ಶಹಾಪುರದ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಚೌಕಟ್ಟು ಹಾಕಿದಂತೆ ಇಟ್ಟ ಬಂಡೆಗಳನ್ನೂ ಕಂಡು ವರ್ಣಿಸಿದ. ಇವನ್ನು ಯುರೋಪಿನ ಶಿಲಾಗೋರಿಗಳ ಜೊತೆ ಹೋಲಿಸಿ, ಒಂದೇ ಜನಾಂಗ ಎರಡೂ ಕಡೆ ಕಟ್ಟಿತೆಂದು ಅವನು ಎಳೆದ ದಾರ ಆಮೇಲೆ ಕಡಿದುಬಿತ್ತು. ಅವನ ಅಳತೆಗಳೂ ನಕಾಶೆಗಳೂ ಉಳಿದವು.

ಹಾಗಾದರೆ ಹೊಳೆ ಯಾವಾಗ ಇತಿಹಾಸಕ್ಕೆ ಬಂತು? ದೊರೆಗಳು ಬಂದಾಗ. ಶಹಾಪುರದ ಆಚೆ ಭೀಮೆಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನ ಕಂಡಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯರ ಜೊತೆ ನಿಂತ ಅರಸನ ಉಬ್ಬುಚಿತ್ರವೂ ಅದರ ಮೇಲೆ ‘ರಾಯೋ ಅಸೋಕೊ’ ಎಂಬ ಬರಹವೂ ಸಿಕ್ಕವು. ಸಾಮ್ರಾಜ್ಯ, ವ್ಯಾಪಾರ, ಸಂಘ ಮೂರೂ ದೊಡ್ಡ ನದಿಯ ದಾರಿ ಹಿಡಿದವು. ಮುಂದೆ ಬಹಮನಿಗಳಿಗೂ ವಿಜಯನಗರಕ್ಕೂ ಕೃಷ್ಣೆ ಗಡಿಯಾಯಿತು, ಅದರ ದಕ್ಷಿಣದ ರಾಯಚೂರು ದೋಆಬು ರಣರಂಗವಾಯಿತು. 1565ರ ಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿ ನಾರಾಯಣಪುರದ ಮೇಲ್ಭಾಗದಲ್ಲಿ ಹೊಳೆಯ ಬದಿಯ ಊರುಗಳೇ. ದಂಡು ದಾಟುವ ಜಾಗ ನೆಮ್ಮದಿಯ ಊರಿಗೆ ತಕ್ಕದ್ದಲ್ಲ. ಈ ನೆಲದವರೇ ಆದ ಬೇಡ ನಾಯಕರು ತಮ್ಮ ಕೋಟೆಗಳನ್ನು ಹೊಳೆಯಿಂದ ದೂರ, ವಾಗಣಗೇರಿ ಮತ್ತು ಸುರಪುರದ ಗುಡ್ಡಗಳ ನಡುವೆ ಕಟ್ಟಿಕೊಂಡರು. 1705ರಲ್ಲಿ ಔರಂಗಜೇಬ ಖುದ್ದಾಗಿ ಬಂದು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ವಾಗಣಗೇರಿಯನ್ನು ಹಿಡಿದಾಗ ನಾಯಕನೂ ಅವನ ಜನರೂ ಕತ್ತಲಲ್ಲಿ ಕೋಟೆ ಬಿಟ್ಟು ಹೋಗಿದ್ದರು. ಮುದಿ ಬಾದಶಹನ ಕೊನೆಯ ದೊಡ್ಡ ದಂಡಯಾತ್ರೆ ಅದು. ಗುಡ್ಡ, ಕೆರೆ, ಹಳ್ಳ ಬಲ್ಲವರನ್ನು ಬಯಲಿನ ಸೈನ್ಯ ಹಿಡಿಯಲಾಗಲಿಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದದ್ದೂ ಇದೇ ಸುರಪುರದಿಂದ.

ಇಲ್ಲಿ ಒಂದು ಎಚ್ಚರ ಬೇಕು. ಇಂದು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ನಾಯಕ ಸಮುದಾಯವನ್ನೋ ಇನ್ನಾರನ್ನೋ ಇಸಾಂಪುರದ ವಾರಸುದಾರರೆಂದು ಕರೆಯುವ ಉತ್ಸಾಹ ಕೆಲವರಲ್ಲಿದೆ. ಅದು ನಿಲ್ಲುವ ಮಾತಲ್ಲ. ಇಸಾಂಪುರದಲ್ಲಿ ಕಲ್ಲು ಒಡೆದವರು ನಮ್ಮ ಪ್ರಭೇದದವರೇ ಅಲ್ಲ. ಹೋಮೋ ಸೇಪಿಯನ್ಸ್ ಹುಟ್ಟಿದ್ದೇ ಈಚೆಗೆ ಮೂರು ಲಕ್ಷ ವರ್ಷಗಳಲ್ಲಿ. ಮೂಲನಿವಾಸಿ ಎಂಬ ಹಕ್ಕಿಗೆ ಹನ್ನೆರಡು ಲಕ್ಷ ವರ್ಷದ ರಕ್ತಸಂಬಂಧ ಬೇಕಾಗಿಯೂ ಇಲ್ಲ. ಬೇರೆ ಬೇರೆ ಜನ ಬೇರೆ ಬೇರೆ ಕಾಲದಲ್ಲಿ ಬಂದು ಇದೇ ನೆಲವನ್ನು ಓದಿ, ನೀರಿನ ಬಗ್ಗೆ ಒಂದೇ ತೀರ್ಮಾನಕ್ಕೆ ಬಂದರು. ವಂಶದ ಮುಂದುವರಿಕೆಗಿಂತ ಗಟ್ಟಿಯಾದ ಸಾಕ್ಷಿ ಅದು.

ಹೊಳೆಯನ್ನೇ ನಂಬಿದ ಅಂಬಿಗರು, ಕಬ್ಬಲಿಗರು ಇಲ್ಲವೇ ಎಂದು ಕೇಳಬಹುದು. ಇದ್ದಾರೆ, ಹರಿಗೋಲು, ಬಲೆಗಳ ಆ ವಿದ್ಯೆ ಸಣ್ಣದಲ್ಲ. ಆದರೆ ಹೊಳೆಯ ನಡುವೆ ಬದುಕುವುದು ಎಷ್ಟು ದುಬಾರಿ ಎಂಬುದಕ್ಕೂ ಅವರ ನಡುಗಡ್ಡೆಗಳೇ ಸಾಕ್ಷಿ. ಕಕ್ಕೇರಾ ಹತ್ತಿರದ ನೀಲಕಂಠರಾಯನಗಡ್ಡಿ ಬಸವಸಾಗರದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟಾಗಲೆಲ್ಲ ಹೊರಜಗತ್ತಿನಿಂದ ಕಡಿದುಹೋಗುತ್ತಿತ್ತು. 2014ರಲ್ಲಿ ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆ ಆಸ್ಪತ್ರೆ ಸೇರಲೆಂದು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಆ ಧೈರ್ಯವನ್ನು ಕೊಂಡಾಡಿದಷ್ಟು ಸುಲಭವಾಗಿ, ಅಂಥ ಧೈರ್ಯ ಬೇಕಾಗುವ ಸ್ಥಿತಿಯನ್ನು ನಾವು ಪ್ರಶ್ನಿಸಲಿಲ್ಲ.

1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. ಅಣೆಕಟ್ಟು ಎದ್ದ ಮೇಲೆ ಈ ಸೀಮೆಯ ನೀರಿನ ಲೆಕ್ಕ ತಲೆಕೆಳಗಾಯಿತು. ಹಳ್ಳದ ಕಡೆ ನೋಡುತ್ತಿದ್ದ ಬಯಲು ಮೊದಲ ಬಾರಿಗೆ ಹೊಳೆಯ ಕಡೆ ತಿರುಗಿತು. ಹಿನ್ನೀರಿನ ತುದಿಯ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪ ಮುಳುಗದಿರಲೆಂದು ಅದರ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡೆವು. ಒಳ್ಳೆಯ ಕೆಲಸ. ಕಾಲುವೆಯ ಕೆಳಗಿನ ಬಯಲಿಗೆ ಆ ಭಾಗ್ಯ ಬರಲಿಲ್ಲ. ಜೋಳ, ಸಜ್ಜೆ, ತೊಗರಿಯ ಏರುತಗ್ಗಿನ ಹೊಲಗಳನ್ನು ಗದ್ದೆಗೆಂದು ಸಮ ಮಾಡುವಾಗ ಲಕ್ಷಾಂತರ ವರ್ಷ ಅಲುಗದೆ ಕೂತಿದ್ದ ಕಲ್ಲುಗಳು ಬುಲ್ಡೋಜರಿನ ಬಾಯಿಗೆ ಹೋದವು. ಅಶೂಲಿಯನ್ ನೆಲೆಗಳು ಹೀಗೆ ಹಾಳಾಗುತ್ತಿವೆಯೆಂದು ಪದ್ದಯ್ಯ ಬರೆದರು. ರೈತರನ್ನು ದೂರುವುದು ತಪ್ಪು. ಮಳೆಯನ್ನು ನಂಬಿ ಗುಳೆ ಹೋಗುತ್ತಿದ್ದ ನಾಡಿಗೆ ನೀರು ಬಂದಾಗ ಗದ್ದೆ ಮಾಡಬೇಡಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಮಣ್ಣು ಎತ್ತುವ ಮೊದಲು ಒಂದು ದಿನ ಪುರಾತತ್ವ ಇಲಾಖೆಯವರನ್ನು ಕರೆಸಿ ಹೊಲ ನಡೆದು ನೋಡುವ ಪದ್ಧತಿ ಇಡುವುದು ನೀರಾವರಿ ಇಲಾಖೆಗೆ ಕಷ್ಟವೇನಲ್ಲ. ಹುಣಸಗಿ, ಬೈಚಬಾಳ, ಇಸಾಂಪುರ, ಬೂದಿಹಾಳದಲ್ಲಿ ಉಳಿದಿರುವ ನೆಲೆಗಳ ಸರ್ವೆ ನಂಬರುಗಳನ್ನು ಜಿಲ್ಲಾಡಳಿತ ಒಂದು ನಕ್ಷೆಯಲ್ಲಿ ಗುರುತಿಸಿ, ಹುಣಸಗಿ ಮತ್ತು ಸುರಪುರದ ತಹಶೀಲ್ದಾರ್ ಕಚೇರಿಗಳಲ್ಲೂ ಗ್ರಾಮ ಪಂಚಾಯಿತಿಗಳಲ್ಲೂ ತೂಗುಹಾಕಲಿ. ಮುಂದಿನ ಸಲ ಭೂಮಿ ಸಮ ಮಾಡಲು ಅರ್ಜಿ ಬಂದಾಗ ಅಧಿಕಾರಿಗಳು ಮೊದಲು ಆ ನಕ್ಷೆ ನೋಡಲಿ.